ಅಪ್ಪ ನಿದ್ದಿ ಮಾಡಿದ ಎಳ್ಳ ಅಮಾಸಿ

ಕಮಲಾಪುರದ ಕೆಂಪು ಬಾಳೆಹಣ್ಣು ಬಸ್ಸು ಹತ್ತಿದರೆ ಯಾರೂ ಹೇಳಬೇಕಾಗಿಲ್ಲ, ಮೂಗಿಗೆ ತಾನೇ ಗೊತ್ತಾಗುತ್ತದೆ. ಕಳೆದ ತಿಂಗಳು ಬೀದರಿನ ಅಣ್ಣನ ಮನೆಗೆ ಹೋಗಿ ವಾಪಸು ಬರುತ್ತಿದ್ದೆ. ಕಮಲಾಪುರದಲ್ಲಿ ಒಬ್ಬಾಕೆ ಬುಟ್ಟಿ ಹೊತ್ತು ಹತ್ತಿದಳು, ನನ್ನ ಕಾಲಿನ ಹತ್ತಿರವೇ ಇಟ್ಟಳು. ಹಣ್ಣು ಪೂರಾ ಮಾಗಿತ್ತು. ಆ ಸಿಹಿ ವಾಸನೆ, ಡೀಸೆಲ್ಲಿನ ಹೊಗೆ, ಕಿಟಕಿಯಿಂದ ನುಗ್ಗುವ ಧೂಳು ಮೂರೂ ಕೂಡಿದ್ದೇ ತಡ, ಹಳೆಯ ದಣಿವೊಂದು ಬಂದು ಮೈಮೇಲೆ ಕೂತಿತು. ಹಳೆಯ ವಾಸನೆ ಬಂದರೆ ಕೆಲವರಿಗೆ ಸಂತೋಷದ ದಿನಗಳು ನೆನಪಾಗುತ್ತವಂತೆ. ನನಗೆ ಕಾಲುನೋವು ನೆನಪಾಯಿತು. ಆಮೇಲೆ ಆ ವರ್ಷ ನೆನಪಾಯಿತು.

ಆ ವರ್ಷ ನಾನು ಕಮಲಾಪುರದ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವಾರ್ಡನ್ ಆಗಿದ್ದೆ. ಮನೆ ಕಲಬುರಗಿಯ ಖೂಬಾ ಪ್ಲಾಟಿನಲ್ಲಿ. ಬೆಳಿಗ್ಗೆ ಮನೆಯ ರೊಟ್ಟಿ ಮುಗಿಸಿ ಬಸ್ಸು ಹಿಡಿದರೆ ಅಲ್ಲಿ ಹಾಸ್ಟೆಲ್ಲಿನ ರೊಟ್ಟಿಯ ಚಿಂತೆ. ಇವತ್ತು ಅಡುಗೆಯಾಕೆ ಬಂದಿಲ್ಲ, ನಾಳೆ ನೀರಿನ ಮೋಟಾರು ಸುಟ್ಟಿದೆ, ನಾಡಿದ್ದು ಯಾವಳೋ ಹುಡುಗಿ ಊರ ನೆನೆದು ಅಳುತ್ತ ಕೂತಿದ್ದಾಳೆ. ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕರೆ ಪುಣ್ಯ. ನಮ್ಮ ಮನೆಯವರು ನೆಹರು ಗಂಜ್ ಮಾರುಕಟ್ಟೆಯ ಒಂದು ದಾಲ್ ಮಿಲ್ಲಿನಲ್ಲಿ ಯಂತ್ರಗಳ ಮೇಲ್ವಿಚಾರಣೆ ನೋಡುತ್ತಾರೆ. ಹೊಸ ತೊಗರಿ ಮಾರುಕಟ್ಟೆಗೆ ಬರತೊಡಗಿತೆಂದರೆ ಮಿಲ್ಲಿಗೆ ಹಗಲೂ ಇಲ್ಲ ರಾತ್ರಿಯೂ ಇಲ್ಲ. ಅವರು ಮನೆಗೆ ಬರುವಾಗ ರೆಪ್ಪೆಯ ಕೂದಲಿಗೂ ತೊಗರಿಯ ಹೊಟ್ಟು ಅಂಟಿರುತ್ತಿತ್ತು. ಮಗಳು ಅಕ್ಷತಾ ಆಗ ಪಿಯುಸಿ ಮೊದಲನೇ ವರ್ಷ. ಮೂವರೂ ಒಂದೇ ಮನೆಯಲ್ಲಿದ್ದೆವು, ಆದರೆ ಮೂವರೂ ಕೂತು ಮಾತಾಡಿದ ದಿನ ಕಡಿಮೆ.

ಚಳಿ ಬಿದ್ದ ಹೊತ್ತಿಗೆ ಅಪ್ಪ ಅವ್ವ ಬಂದರು. ಅವರು ಬೀದರಿನಲ್ಲಿ ಅಣ್ಣನ ಜೊತೆ ಇರುತ್ತಿದ್ದರು. ಅಣ್ಣ, ಅವನ ಹೆಂಡತಿ ನಮ್ಮ ವೈನಿ, ಇಬ್ಬರೂ ನೌಕರಿಯವರು. ಅಪ್ಪ ಮುಂಚಿತವಾಗಿ ಫೋನು ಮಾಡದೆ ಎಲ್ಲಿಗೂ ಹೋಗುವವರಲ್ಲ, ಆ ಸಲ ಸೀದಾ ಬಾಗಿಲಿಗೇ ಬಂದು ನಿಂತಿದ್ದರು. ಎಳ್ಳ ಅಮಾಸಿಗಿ ಬಂದೀವಿ, ವಾರ ಇದ್ದು ಹೋಗ್ತೀವಿ ಅಂದರು. ವಾರಕ್ಕೆ ಬಂದವರು ಕಂಬಳಿಯನ್ನೂ ತಂದಿದ್ದರು.

ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿ ನಿವೃತ್ತರಾದವರು. ಬೀದರ, ಹುಮನಾಬಾದ, ಕಮಲಾಪುರ, ಕಲಬುರಗಿ ಈ ರಸ್ತೆಯ ಒಂದೊಂದು ತಿರುವೂ ಅವರ ಮೈಗೆ ಗೊತ್ತು. ರಾತ್ರಿಯ ದೂರದ ಗಾಡಿಗಳನ್ನೂ ಬಹಳ ವರ್ಷ ಓಡಿಸಿದ್ದರು. ನಾವು ಸಣ್ಣವರಿದ್ದಾಗ ಅವರು ಮಲಗಿದ್ದನ್ನು ಕಂಡದ್ದೇ ಅಪರೂಪ, ಮಲಗಿದರೂ ಹೆಸರು ಹಿಡಿದು ಕರೆದರೆ ಸಾಕು ಎದ್ದು ಕೂತುಬಿಡುತ್ತಿದ್ದರು. ಆ ಸಲ ಬಂದಾಗ ಅಂಥ ಗಟ್ಟಿ ಮನುಷ್ಯನ ಗಲ್ಲ ಒಳಗೆ ಹೋಗಿ, ಕಣ್ಣ ಸುತ್ತ ಕಪ್ಪು ಬಿದ್ದು, ಅಂಗಿಯ ಕೊರಳು ಸಡಿಲಾಗಿತ್ತು. ಶುಗರ್ ಇರಬಹುದು, ತೋರಿಸೋಣ ಅಂದೆ. ಏನಿಲ್ಲ ತಂಗಿ, ವಯಸ್ಸು ಅಂದರು. ಮಗಳಾದ ನನ್ನನ್ನು ಅವರು ಮೊದಲಿನಿಂದಲೂ ತಂಗಿ ಅಂತಲೇ ಕರೆಯುವುದು.

ಅವ್ವ ಮಾತ್ರ ಮೊದಲಿನ ಹಾಗೇ ಇದ್ದಳು. ಹಣೆ ತುಂಬ ವಿಭೂತಿ, ಬಿಗಿಯಾಗಿ ಕಟ್ಟಿದ ಇಳಕಲ್ ಸೀರೆ, ಬಾಯಿ ತುಂಬ ನಗು. ಮಾತು ಕಡಿಮೆಯಾಗಿತ್ತು. ಏನು ಕೇಳಿದರೂ ಅವ್ವನ ಬದಲು ಅಪ್ಪನೇ ಉತ್ತರ ಕೊಡುತ್ತಿದ್ದರು. ನಮ್ಮ ಮನೆಯವರು ಅತ್ತೀ ಹೆಂಗದೀರಿ ಅಂದರೆ, ಛಲೋ ಅದಾಳ ಅನ್ನುವವರು ಅಪ್ಪ. ಅವ್ವ ಅಡುಗೆಮನೆಗೆ ಬಂದರೆ ಹಿಂದೆಯೇ ಬಂದು ಬಾಗಿಲಿಗೆ ಒರಗಿ ನಿಲ್ಲುತ್ತಿದ್ದರು. ಅಕಿಗಿ ಒಲಿ ಹತ್ತಿರ ಬಿಡಬ್ಯಾಡ, ಕೈ ನಡಗ್ತಾವ ಅನ್ನುತ್ತಿದ್ದರು. ನನಗೆ ಅವ್ವನ ಕೈ ನಡುಗಿದ್ದು ಕಾಣಲಿಲ್ಲ. ಆದರೆ ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು, ನಡುವೆ ಹಾಸ್ಟೆಲ್ಲು. ವಯಸ್ಸಾದ ಮೇಲೆ ಗಂಡಸರು ಹೆಂಡತಿಯರ ಹಿಂದೆ ಮುಂದೆ ಸುಳಿದಾಡುತ್ತಾರೆ, ಅಪ್ಪನೂ ಹಾಗೇ ಆಗಿದ್ದಾರೆ ಅಂದುಕೊಂಡೆ.

ನಮ್ಮ ಕಡೆ ಎಳ್ಳ ಅಮಾವಾಸ್ಯೆಯ ದಿನ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಭೂಮಿತಾಯಿ ಬಸುರಿ ಇದ್ದ ಹಾಗೆ, ಅವಳಿಗೆ ಮೊದಲು ಉಣಿಸಬೇಕು ಅಂತ ಬೆಳೆಯ ನಡುವೆ ನಡೆಯುತ್ತಾ ಎಲ್ಲ ಅಡುಗೆಯನ್ನೂ ಒಂದೊಂದು ತುತ್ತು ಎರಚುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಅನ್ನುತ್ತಾರೆ. ಆಮೇಲೆ ಹೊಲದಲ್ಲೇ ಊಟ. ನಮಗೆ ಹೊಲವಿಲ್ಲ. ಹೊಲವಿಲ್ಲದ ನಮ್ಮಂಥವರು ಯಾವುದಾದರೂ ಕೆರೆ, ತೋಟ, ಕೋಟೆಯ ಕಡೆ ಹೋಗಿ ಬುತ್ತಿ ಬಿಚ್ಚುತ್ತೇವೆ. ಕಮಲಾಪುರದ ಆಚೆ ಒಂದು ಡ್ಯಾಮು ಇದೆ, ಮಳೆಗಾಲ ಚೆನ್ನಾಗಿ ಆಗಿದ್ದರಿಂದ ನೀರು ತುಂಬಿ ನಿಂತಿದೆ ಅಂತ ಹಾಸ್ಟೆಲ್ಲಿನ ಅಡುಗೆಯವರು ಹೇಳಿದ್ದರು. ನಮ್ಮ ಮನೆಯವರಿಗೆ ಆ ಒಂದು ದಿನ ರಜೆ ಸಿಕ್ಕಿತ್ತು. ಅಲ್ಲಿಗೇ ಹೋಗೋಣ ಅಂದರು.

ಅಪ್ಪ ಬೇಡ ಅಂದರು. ನೀರಿನ ಕಡಿ ಯಾಕ, ಮಾಳಗಿ ಮ್ಯಾಲ ಕುಂತು ಉಣ್ಣೋಣು ಅಂದರು. ಅಕ್ಷತಾ ಮುಖ ಸಣ್ಣ ಮಾಡಿದಳು. ಮುತ್ಯಾ, ವರ್ಷಾನುಗಟ್ಟಲೆ ಎಲ್ಲರೂ ಕೂಡಿ ಎಲ್ಲೂ ಹೋಗಿಲ್ಲ ಅಂದಳು. ಮೊಮ್ಮಗಳ ಮಾತಿಗೆ ಅಪ್ಪ ಒಪ್ಪಿಕೊಂಡರು.

ಬೆಳಗಿನ ಜಾವಕ್ಕೇ ಎದ್ದು ಅಡುಗೆ ಮಾಡಿದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಸಿಕ್ಕ ಕಾಳು ಸಿಕ್ಕ ಸೊಪ್ಪು ಎಲ್ಲವನ್ನೂ ಕೂಡಿಸಿ ಕುದಿಸಿದ ಭಜ್ಜಿ. ಎಲ್ಲ ಮುಗಿದಾಗ ನನಗೆ ಹಬ್ಬವೇ ಬೇಡವಾಗಿತ್ತು. ದಿನಾ ಹೋಗುವ ಅದೇ ರಸ್ತೆಯಲ್ಲಿ, ಅದೇ ಬಸ್ಸಿನಲ್ಲಿ, ಬುತ್ತಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಹೋದೆ. ಕಮಲಾಪುರದಲ್ಲಿ ಇಳಿದು ಟಂಟಂ ಆಟೋ ಮಾಡಿಕೊಂಡು ಒಳಗಿನ ರಸ್ತೆ ಹಿಡಿದೆವು. ಅವ್ವ ನನಗೂ ಅಪ್ಪನಿಗೂ ನಡುವೆ ಕೂತಿದ್ದಳು, ಅಪ್ಪ ಅವಳ ಮುಂಗೈ ಹಿಡಿದುಕೊಂಡೇ ಇದ್ದರು.

ಡ್ಯಾಮಿನ ಏರಿ ಹತ್ತಿದವರು ನೀರು ನೋಡುತ್ತಾ ನಿಂತುಬಿಟ್ಟೆವು. ನಮ್ಮ ಬಿಸಿಲ ನಾಡಿನಲ್ಲಿ ಅಷ್ಟು ನೀರು ಒಂದೇ ಕಡೆ ನೋಡಿ ಅಭ್ಯಾಸವಿಲ್ಲ. ಆಚೆಯ ದಂಡೆ ಮಂಜಿನಲ್ಲಿ ಸರಿಯಾಗಿ ಕಾಣುತ್ತಿರಲಿಲ್ಲ. ಗಾಳಿಗೆ ಸಣ್ಣ ತೆರೆಗಳು ಕಲ್ಲಿಗೆ ಬಡಿಯುತ್ತಿದ್ದವು. ಏರಿಯ ಈ ಕಡೆ ಇಳಿಜಾರು, ಅದರ ಕೆಳಗೆ ಆಳೆತ್ತರದ ತೊಗರಿ. ಹೊಲಗಳಲ್ಲಿ ಅಲ್ಲಲ್ಲಿ ಜನ, ಮಕ್ಕಳ ಕೂಗು. ಏರಿಯ ಪಕ್ಕದ ಒಂದು ಜಾಲಿಯ ನೆರಳಿನಲ್ಲಿ ಚಾಪೆ ಹಾಸಿದೆವು.

ಪಕ್ಕದ ತೊಗರಿಯ ಅಂಚಿನಲ್ಲಿ ಚರಗ ಚೆಲ್ಲಲು ಅವ್ವನ ಕೈಗೇ ಬುಟ್ಟಿ ಕೊಟ್ಟೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಚರಗದ ಕೂಗು ಹಾಕುತ್ತಾ, ಸಾಲಿನ ಗುಂಟ ತುತ್ತು ಎರಚುತ್ತಾ ಹೋದಳು. ಎಲ್ಲೂ ತಡವರಿಸಲಿಲ್ಲ, ಒಂದು ಮಾತೂ ಮರೆಯಲಿಲ್ಲ. ಅಕ್ಷತಾ ಹಿಂದಿನಿಂದ ನೀರು ಚಿಮುಕಿಸುತ್ತಾ ಹೋದಳು. ಅಪ್ಪ ದಂಡೆಯ ಮೇಲೆ ನಿಂತು ನೋಡುತ್ತಿದ್ದರು. ಅವರ ಕಣ್ಣಲ್ಲಿ ನೀರು ಕಂಡು ಗಾಳಿಗೆ ಬಂದಿರಬೇಕು ಅಂದುಕೊಂಡೆ.

ಊಟವಾಯಿತು. ಅವ್ವ ಕಡುಬು ತಿಂದು ಛಲೋ ಆಗ್ಯಾವ ಅಂದಳು. ಅಪ್ಪ ಹೆಚ್ಚು ಉಣ್ಣಲಿಲ್ಲ. ಕೈ ತೊಳೆದು ಬಂದು ನನ್ನ ಹತ್ತಿರ ಕೂತು, ಬಹಳ ಸಂಕೋಚದಿಂದ ಕೇಳಿದರು.

“ತಂಗಿ, ಅವ್ವನ ಬಾಜೂಕ ಸ್ವಲ್ಪ ಕೂಡ್ತಿಯೇನು? ನಾ ಒಂದೀಟ ಬೆನ್ನು ಚಾಚ್ತೀನಿ.”

ಇದನ್ನೂ ಕೇಳಬೇಕೇ ಅಂದೆ. ಅಪ್ಪ ಟವೆಲ್ ಮಡಚಿ ತಲೆಯ ಕೆಳಗೆ ಇಟ್ಟುಕೊಂಡು ಮಗ್ಗುಲಾದರು. ನಾನು ಡಬ್ಬಿಯ ಮುಚ್ಚಳ ಹಾಕಿ ತಿರುಗಿ ನೋಡುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು. ಬಾಯಿ ತೆರೆದಿತ್ತು, ಒಂದು ಕೈ ಚಾಪೆಯಿಂದ ಹೊರಗೆ ಮಣ್ಣಿನ ಮೇಲೆ ಬಿದ್ದಿತ್ತು.

ನಮ್ಮ ಮನೆಯವರು ಮತ್ತು ಅಕ್ಷತಾ ಗೇಟು ನೋಡಿ ಬರುತ್ತೇವೆ ಅಂತ ಏರಿಯ ಮೇಲೆ ಹೋದರು. ನಾನೂ ಅವ್ವನೂ ಕೂತು ಅಡಿಕೆ ಕತ್ತರಿಸುತ್ತಿದ್ದೆವು. ಅಷ್ಟರಲ್ಲಿ ಹಾಸ್ಟೆಲ್ಲಿನಿಂದ ಫೋನು. ಹಬ್ಬಕ್ಕೆ ಊರಿಗೆ ಹೋಗದ ಒಬ್ಬ ಹುಡುಗಿಗೆ ಜ್ವರ ಏರಿದೆ, ಯಾವ ಮಾತ್ರೆ ಕೊಡಬೇಕು ಅಂತ ಅಡುಗೆಯಾಕೆ ಕೇಳುತ್ತಿದ್ದಳು. ದನಿ ಕತ್ತರಿಸಿ ಕತ್ತರಿಸಿ ಬರುತ್ತಿತ್ತು. ಏರಿಯ ಮೇಲೆ ಹತ್ತಿ ನಿಂತು, ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ ಅಂತ ಹೇಳಿ ಇಳಿದು ಬಂದೆ. ಅಪ್ಪ ಮಲಗಿದ್ದರು. ಅಡಕತ್ತರಿ ಚಾಪೆಯ ಮೇಲಿತ್ತು. ಅವ್ವ ಇರಲಿಲ್ಲ.

ಮೊದಲು ಹೆದರಿಕೆ ಏನೂ ಆಗಲಿಲ್ಲ. ಹೊರಕಡೆಗೆ ಹೋಗಿರಬೇಕು ಅಂತ ಗಿಡದ ಹಿಂದೆ ನೋಡಿದೆ. ಕರೆದೆ. ಇಳಿಜಾರಿನ ಎರಡೂ ಕಡೆ ಅಡ್ಡಾಡಿದೆ. ತೊಗರಿಯೊಳಗೆ ನಾಲ್ಕು ಹೆಜ್ಜೆ ಹೋದರೆ ಮುಂದೆ ನಿಂತವರೂ ಕಾಣುವುದಿಲ್ಲ. ಈ ಕಡೆ ತೊಗರಿ, ಆ ಕಡೆ ನೀರು. ಅಷ್ಟೊತ್ತಿಗೆ ಅವರಿಬ್ಬರೂ ವಾಪಸು ಬಂದರು. ವಿಷಯ ಹೇಳಿದೊಡನೆ ನಮ್ಮ ಮನೆಯವರು, ಮಾವಗ ಎಬ್ಬಸಬ್ಯಾಡ, ಸುಮ್ಮ ಗಾಬರಿ ಆಗ್ತಾರ ಅಂತ ಹೇಳಿ ನೀರಿನ ಅಂಚಿನ ಗುಂಟ ಓಡಿದರು.

ಆಗ ಅಕ್ಷತಾ ಒಂದು ಮಾತು ಹೇಳಿದಳು. ಮೊನ್ನೆ ಬೆಳಿಗ್ಗೆ ಅವರ ಕೋಣೆಗೆ ಚಹಾ ಒಯ್ದಾಗ ಅವಳ ಆಯಿಯ, ಅಂದರೆ ಅವ್ವನ, ಸೆರಗಿನ ತುದಿ ಮುತ್ಯಾನ ಮುಂಗೈಗೆ ಗಂಟು ಹಾಕಿತ್ತಂತೆ. ಯಾಕೆ ಅಂತ ಕೇಳಿದರೆ ಮುತ್ಯಾ ನಕ್ಕು, ನಿಮ್ಮಾಯಿ ಇನ್ನಾ ನನ್ನ ಬಿಟ್ಟು ಹೋಗಬಾರದಂತ ಅಂದಿದ್ದರಂತೆ. ಅವಳಿಗೆ ಅದು ಮುದುಕರ ಸಲಿಗೆಯಂತೆ ಕಂಡಿತ್ತು.

ನಾನು ಹೋಗಿ ಅಪ್ಪನನ್ನು ಕರೆದೆ. ಏಳಲಿಲ್ಲ. ಹೆಗಲು ಹಿಡಿದು ಅಲುಗಿಸಿದೆ. ಏಳಲಿಲ್ಲ. ಹೆಸರು ಕರೆದರೆ ಎದ್ದು ಕೂಡುತ್ತಿದ್ದ ಮನುಷ್ಯ ಕಲ್ಲಿನ ಹಾಗೆ ಬಿದ್ದಿದ್ದರು. ಒಂದು ಗಳಿಗೆ ಇಬ್ಬರೂ ಹೋದರು ಅಂತಲೇ ನನಗೆ ಅನ್ನಿಸಿತು. ಅಕ್ಷತಾ ಮುಖಕ್ಕೆ ನೀರು ಚಿಮುಕಿಸಿದಳು. ಅಪ್ಪ ಕಣ್ಣು ಬಿಟ್ಟರು. ನಮ್ಮ ಮುಖ ನೋಡಲಿಲ್ಲ. ಮೊದಲು ಬಲಗೈ ಎತ್ತಿ ತಮ್ಮ ಮುಂಗೈ ನೋಡಿಕೊಂಡರು. ಆಮೇಲೆ ಎದ್ದು ಕೂತರು. ಯಾರು, ಏನು ಅಂತ ಕೇಳಲಿಲ್ಲ.

“ಎಷ್ಟೊತ್ತಾಯ್ತು ಹೋಗಿ?” ಅಂದರು.

ನಮ್ಮ ಮನೆಯವರನ್ನು ವಾಪಸು ಕೂಗಿ ಕರೆದರು. ನೀರಿನ ಕಡಿ ಹುಡುಕಬ್ಯಾಡ್ರಿ, ಅಕಿ ನೀರಿಗಿ ಹೋಗಂಗಿಲ್ಲ, ಮಂದಿ ದನಿ ಕೇಳಿದ ಕಡಿ ಹೋಗ್ತಾಳ ಅಂದರು. ಇಷ್ಟು ಖಾತ್ರಿಯಾಗಿ ಹೇಳಬೇಕಾದರೆ ಇದು ಮೊದಲನೆಯ ಸಲ ಅಲ್ಲ ಅಂತ ಆಗ ತಿಳಿಯಿತು. ಎಲ್ಲರೂ ಸುಮ್ಮನೆ ನಿಲ್ಲಿರಿ ಅಂದರು. ನಿಂತೆವು. ಗಾಳಿ, ತೆರೆಯ ಸದ್ದು, ಎಲ್ಲೋ ಒಂದು ಹಕ್ಕಿ. ಅದರಾಚೆ ತೊಗರಿಯ ಒಳಗಿನಿಂದ ಬಹಳ ಜನರ ಮಾತು, ನಗು. ಅಪ್ಪ ಬರಿಗಾಲಲ್ಲೇ ಇಳಿಜಾರು ಇಳಿದು ತೊಗರಿಯೊಳಗೆ ನುಗ್ಗಿದರು. ನಾವು ಹಿಂದೆ.

ಹೊಲದ ನಡುವೆ ಒಂದು ಬನ್ನಿ ಗಿಡ. ಅದರ ಕೆಳಗೆ ದೊಡ್ಡದೊಂದು ಮನೆತನ ಉದ್ದಕ್ಕೂ ಪಂಕ್ತಿ ಕೂತು ಉಣ್ಣುತ್ತಿತ್ತು. ಅವರ ನಡುವೆ ಅವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಕೈಯಲ್ಲಿ ಭಜ್ಜಿಯ ಪಾತ್ರೆ ಹಿಡಿದು, ಮಕ್ಕಳಿಗೆ ಬಡಿಸುತ್ತಿದ್ದಳು. ಒಬ್ಬ ಹುಡುಗನಿಗೆ, ರೊಟ್ಟಿ ಬಿಟ್ಟು ಬರೇ ಹೋಳಿಗಿ ತಿಂತೀಯಲ್ಲಾ ಅಂತ ಗದರುತ್ತಿದ್ದಳು. ಆ ಮನೆಯ ಹಿರಿಯಾಕೆ ನಮ್ಮನ್ನು ನೋಡಿ ಎದ್ದು ಬಂದಳು. ವಿಷಯ ಕೇಳಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಹಬ್ಬಕ್ಕೆ ಬೀಗರು, ನೆಂಟರು ತುಂಬ ಬಂದಿದ್ದರು. ಅವ್ವ ಬಂದು ಕೂತಾಗ ಸೊಸೆಯ ಕಡೆಯವರಿರಬೇಕು ಅಂತ ಆಕೆ ತಿಳಿದಿದ್ದಳಂತೆ. ಅತ್ತೆಯ ತವರಿನವರು ಅಂತ ಸೊಸೆ ತಿಳಿದಿದ್ದಳಂತೆ. ಎರಡೂ ಕಡೆಯವರು ಉಪಚಾರ ಮಾಡಿ ಉಣ್ಣಿಸಿದ್ದರು. ಅವ್ವ ಎರಡನೆಯ ಸಲ ಹೊಟ್ಟೆ ತುಂಬ ಉಂಡಿದ್ದಳು.

ಅಪ್ಪ ಹತ್ತಿರ ಹೋಗಿ ಪಾತ್ರೆ ಇಸಿದುಕೊಂಡರು. ಅವ್ವ ಅವರನ್ನು ನೋಡಿ ಮುಖ ಅರಳಿಸಿದಳು.

“ಎಷ್ಟೊತ್ತಾಯ್ತು ದಾರಿ ಕಾಯ್ಲಾಕತ್ತು. ಗಾಡಿ ಲೇಟ ಆಯ್ತೇನು?”

“ಹ್ಞೂಂ. ಹುಮನಾಬಾದದಾಗ ಟೈರ್ ಪಂಚರ್ ಆಗಿತ್ತು,” ಅಂದರು ಅಪ್ಪ.

ತಡವರಿಸದೆ, ದಿನಾ ಹೇಳುವ ಮಾತಿನಂತೆ ಹೇಳಿದರು. ಅವ್ವ ಸಮಾಧಾನದಿಂದ ತಲೆ ಆಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ, ಗುರುತಿಲ್ಲದ ಹೆಣ್ಣುಮಗಳನ್ನು ನೋಡುವ ಹಾಗೆ ನೋಡಿದಳು.

“ಈ ಬಾಯೇರು ನಿಮ್ಮ ಬಸ್ಸಿನಾಗೇ ಬಂದಾರೇನು?”

ಅಪ್ಪ ಕಣ್ಣು ಕೆಳಗೆ ಹಾಕಿ, “ಹ್ಞೂಂ, ನಮ್ಮವರೇ,” ಅಂದರು.

ನನಗೆ ಆಗ ಅಳು ಬರಲಿಲ್ಲ. ಆ ಹಿರಿಯಾಕೆ ನನ್ನ ರೆಟ್ಟೆ ಹಿಡಿದು ಕೂಡಿಸಿ ಅಂಬಲಿ ಕೊಟ್ಟಳು.

ಮತ್ತೆ ಏರಿಯ ಪಕ್ಕ ಬಂದು ಕೂತಾಗ ಅಕ್ಷತಾ ಆಯಿಯ ಕೈ ಹಿಡಿದುಕೊಂಡು ನೀರು ತೋರಿಸುತ್ತಾ ಕೂತಳು. ಅಪ್ಪ ನನಗೂ ನಮ್ಮ ಮನೆಯವರಿಗೂ ಎಲ್ಲ ಹೇಳಿದರು. ಒಂದೂವರೆ ವರ್ಷದಿಂದ ಹೀಗಿತ್ತಂತೆ. ಮೊದಮೊದಲು ಉಪ್ಪು ಎರಡು ಸಲ ಹಾಕಿದಳು, ಆಮೇಲೆ ದಾರಿ ಮರೆತಳು, ಆಮೇಲೆ ಮುಖಗಳು. ನಡುನಡುವೆ ಪೂರ್ತಿ ಸರಿ ಇರುತ್ತಾಳಂತೆ, ಅದೇ ಕಷ್ಟ. ಅಣ್ಣ ವೈನಿ ಕೆಲಸಕ್ಕೆ ಹೋದ ಮೇಲೆ ಹಗಲೆಲ್ಲ ಅಪ್ಪನೇ ನೋಡಿಕೊಳ್ಳುವುದು, ಅವರು ಬರುವಷ್ಟರಲ್ಲಿ ಅವ್ವನಿಗೆ ಬೇರೆ ಸೀರೆ ಉಡಿಸಿ, ಚಹಾ ಕುಡಿಸಿ, ಟಿವಿಯ ಮುಂದೆ ಕೂಡಿಸಿಬಿಡುವುದು. ಬೀದರಿನಲ್ಲಿ ಒಬ್ಬ ಡಾಕ್ಟರಿಗೆ ಗುಟ್ಟಾಗಿ ತೋರಿಸಿದ್ದರು. ಇದು ವಾಸಿಯಾಗುವ ರೋಗವಲ್ಲ, ಜೊತೆಗೊಬ್ಬರು ಇರಲೇಬೇಕು ಅಂದಿದ್ದರಂತೆ. ರಾತ್ರಿ ಎದ್ದು ಬಾಗಿಲು ತೆಗೆದು ಹೋಗುತ್ತಾಳೆ ಅಂತ ಸೆರಗು ಕಟ್ಟಿಕೊಂಡು ಮಲಗುತ್ತಿದ್ದರು. ಮಲಗುವುದೇನು, ಸೆರಗು ಜಗ್ಗಿತೇ ಅಂತ ಕಾಯುತ್ತಿದ್ದರು.

ಅಣ್ಣನಿಗೆ ಯಾಕೆ ಹೇಳಲಿಲ್ಲ ಅಂದೆ. ಅವನು ಕೆಟ್ಟವನಲ್ಲ, ಆದರೆ ಹೇಳಿದರೆ ಹೊರಗಿನಿಂದ ಕೀಲಿ ಹಾಕಿ ಹೋಗುತ್ತಾನೆ, ಅವಳು ಒಳಗೆ ಬಾಗಿಲು ಬಡಿಯುತ್ತಾ ಕೂಡುತ್ತಾಳೆ, ಅದನ್ನು ನನಗೆ ನೋಡಲಾಗುವುದಿಲ್ಲ ಅಂದರು ಅಪ್ಪ. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು.

“ನಾ ಹಬ್ಬಕ್ಕ ಬಂದಿಲ್ಲ ತಂಗಿ. ಸುಳ್ಳ ಹೇಳೀನಿ. ಎರಡು ದಿನ ಮಲಗಿ ಹೋಗಬೇಕಂತ ಬಂದೀನಿ. ಬಂದ ಮ್ಯಾಲ ನಿನ್ನ ಮಾರಿ ನೋಡಿದೆ. ನೀನೂ ದಣದೀದಿ. ಹೆಂಗ ಕೇಳಲಿ?”

ನಿಜ ಹೇಳಬೇಕೆಂದರೆ ಆ ಕ್ಷಣ ನನ್ನ ಮನಸ್ಸಿನಲ್ಲಿ ಓಡಿದ್ದು ಬಸ್ಸಿನ ಟೈಮು, ಹಾಸ್ಟೆಲ್ಲಿನ ಜ್ವರದ ಹುಡುಗಿ, ಮಿಲ್ಲಿನ ಸೀಜನ್ನು, ಅಕ್ಷತಾಳ ಪರೀಕ್ಷೆ. ಇದರ ನಡುವೆ ಅವ್ವನನ್ನು ಎಲ್ಲಿ ಇಡುವುದು ಅಂತ ಹುಡುಕುತ್ತಿದ್ದೆ. ಉತ್ತರ ಕೊಟ್ಟವರು ನಮ್ಮ ಮನೆಯವರು. ಅವರು ಮಾತು ಕಡಿಮೆಯ ಮನುಷ್ಯ, ಮಿಲ್ಲಿನ ಸದ್ದಿನಲ್ಲಿ ಅರ್ಧ ಕಿವಿಯೂ ಹೋಗಿದೆ. ನೀವು ಇಲ್ಲೇ ಇರ್ರಿ, ವಾಪಸ್ ಹೋಗೋ ಮಾತು ಬ್ಯಾಡ ಅಂದರು. ಅಪ್ಪ ತಲೆ ಅಲ್ಲಾಡಿಸಿದರು. ಮಗಳ ಮನೆಯಲ್ಲಿ ಉಣ್ಣುವುದೇ ಹೆಚ್ಚು, ಇರುವುದು ಹೇಗೆ, ನಾಲ್ಕು ಮಂದಿ ಏನಂದಾರು ಅಂದರು.

“ಮಾವ, ನಿದ್ದಿ ಮಾಡ್ಲಾಕ ಯಾರ ಮನಿ ಆದ್ರೇನ್ರಿ,” ಅಂದರು ಇವರು.

ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು.

ಮುಂದಿನ ಭಾನುವಾರ ಅಣ್ಣ ಬಂದ. ಸಿಟ್ಟಿನಲ್ಲಿ ಬಂದಿದ್ದ. ಒಂದೇ ಮನೆಯಲ್ಲಿದ್ದು ನನ್ನಿಂದ ಮುಚ್ಚಿಟ್ಟಿರಲ್ಲ, ನಾನು ನಿಮಗೆ ಹೊರಗಿನವನೇ ಅಂತ ಅಪ್ಪನನ್ನು ಕೇಳಿದ. ನೀನು ಕೀಲಿ ಹಾಕುತ್ತಿದ್ದೆ ಅಂದರು ಅಪ್ಪ. ಹಾಕ್ತಿದ್ದೆ, ಮತ್ತೇನ್ ಮಾಡ್ತಿದ್ದೆ ನಾ, ಹೇಳ್ರಿ ಅಂದ ಅಣ್ಣ. ಅವ್ವ ಆ ದಿನ ಪೂರ್ತಿ ಸರಿ ಇದ್ದಳು. ಮಗನಿಗೆ ಜೋಳದ ರೊಟ್ಟಿ ಮುರಿದು ಹಾಲು ಹಾಕಿ ಕೊಟ್ಟಳು, ಸೊರಗೀದಿ ಅಂತ ಬೆನ್ನು ಸವರಿದಳು. ಅಣ್ಣ ತಾಟು ಹಿಡಿದುಕೊಂಡು ಅಡುಗೆಮನೆಯ ಮೂಲೆಯಲ್ಲಿ ಕೂತು ಅತ್ತ. ಅಲ್ಲಿಂದ ಮುಂದೆ ಹದಿನೈದು ದಿನಕ್ಕೊಮ್ಮೆ ಶನಿವಾರ ಬರುತ್ತಿದ್ದ. ಒಂದು ರಾತ್ರಿ ಅವ್ವನ ಪಕ್ಕ ಅವನು ಮಲಗಿದರೆ ನಮಗೆಲ್ಲ ನಿದ್ದೆ.

ಅಪ್ಪನನ್ನು ಅಕ್ಷತಾಳ ಕೋಣೆಯಲ್ಲಿ ಬಾಗಿಲು ಮುಚ್ಚಿ ಮಲಗಿಸತೊಡಗಿದೆವು. ಮೊದಲ ಕೆಲವು ದಿನ ನಡುರಾತ್ರಿ ಎದ್ದು ಬಂದು ನೋಡಿ ಹೋಗುತ್ತಿದ್ದರು. ಆಮೇಲೆ ಬರಲಿಲ್ಲ. ಸಂಕ್ರಾಂತಿ ಕಳೆಯುವಷ್ಟರಲ್ಲಿ ಅವರ ಗಲ್ಲ ತುಂಬಿದವು. ರಾತ್ರಿಗಳನ್ನು ನಾನೂ ನಮ್ಮ ಮನೆಯವರೂ ಹಂಚಿಕೊಂಡೆವು, ಪರೀಕ್ಷೆ ಮುಗಿದ ಮೇಲೆ ಅಕ್ಷತಾಳೂ ಸೇರಿದಳು. ಹೇಳಲು ಇದು ಎರಡು ಮಾತು. ಬದುಕಲು ಹಾಗಲ್ಲ. ರಾತ್ರಿ ಮೂರು ಸಲ ಎದ್ದು, ಅವ್ವಾ ಇದು ನಮ್ಮ ಮನಿ, ಮಲಗು ಅಂತ ಹೇಳಿ, ಬೆಳಿಗ್ಗೆ ಮತ್ತೆ ಕಮಲಾಪುರದ ಬಸ್ಸಿನಲ್ಲಿ ಕಂಬ ಹಿಡಿದು ನಿಂತು ಹೋಗುವುದು. ಒಂದೊಂದು ದಿನ ಅವ್ವನ ಮೇಲೆ ಸಿಟ್ಟು ಬಂದು ದನಿ ಏರಿ, ಆಮೇಲೆ ಬಸ್ಸಿನಲ್ಲಿ ಕಣ್ಣೀರು. ಅಪ್ಪ ದವಾಖಾನೆಗೋ ಪೆನ್ಶನ್ ಕೆಲಸಕ್ಕೋ ಹೋಗಬೇಕಾದ ದಿನ ಅವ್ವನನ್ನು ನನ್ನ ಜೊತೆಗೇ ಕರೆದೊಯ್ಯುತ್ತಿದ್ದೆ. ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಕೂತು ಬೇಳೆ ಆರಿಸುತ್ತಿದ್ದಳು. ಹುಡುಗಿಯರು ಆಯಿ ಆಯಿ ಅಂತ ಸುತ್ತ ಕೂತು ತಲೆ ಬಾಚಿಸಿಕೊಳ್ಳುತ್ತಿದ್ದರು. ಯಾರ ಹೆಸರೂ ಅವಳಿಗೆ ನೆನಪಿರುತ್ತಿರಲಿಲ್ಲ. ಅವರಿಗೂ ಅದು ಬೇಕಾಗಿರಲಿಲ್ಲ.

ಅವ್ವ ಮುಂದಿನ ಶ್ರಾವಣದಲ್ಲಿ ಹೋದಳು. ಮೊದಲು ಜ್ವರ ಬಂತು, ಎದೆಗೆ ಇಳಿಯಿತು, ನಾಲ್ಕೈದು ದಿನ ನರಳಿದಳು. ನಮ್ಮ ಮನೆಯಲ್ಲೇ, ಎಲ್ಲರೂ ಇದ್ದಾಗ ಉಸಿರು ನಿಂತಿತು. ಅಪ್ಪ ಈಗ ಬೀದರಿನಲ್ಲಿ ಅಣ್ಣನ ಜೊತೆ ಇದ್ದಾರೆ, ಬೇಸಿಗೆಗೆ ನಮ್ಮಲ್ಲಿ ಬರುತ್ತಾರೆ. ನನಗೆ ಕಮಲಾಪುರದಿಂದ ವರ್ಗವಾಗಿದೆ. ಆ ವರ್ಷದ ಬಹಳಷ್ಟು ದಿನಗಳು ಒಂದರಲ್ಲೊಂದು ಕಲೆಸಿಹೋಗಿವೆ. ಒಂದು ಬೆಳಗು ಮಾತ್ರ ಬೇರೆಯಾಗಿ ಉಳಿದಿದೆ.

ಅದು ಮಳೆ ಹತ್ತುವ ಮುಂಚಿನ ದಿನಗಳದ್ದು. ಮೋಡ ಕಟ್ಟಿತ್ತು, ಮಳೆ ಇರಲಿಲ್ಲ, ಸೆಕೆ. ಹಿಂದಿನ ರಾತ್ರಿ ಅವ್ವ ಒಂದು ಗಳಿಗೆಯೂ ಮಲಗಿರಲಿಲ್ಲ, ನನ್ನನ್ನೂ ಮಲಗಗೊಟ್ಟಿರಲಿಲ್ಲ. ಬೆಳಿಗ್ಗೆ ಕಮಲಾಪುರದ ಬಸ್ಸಿನಲ್ಲಿ ಅವಳನ್ನು ಕಿಟಕಿಯ ಪಕ್ಕ ಕೂಡಿಸಿ ನಾನು ಈಚೆ ಕೂತಿದ್ದೆ. ಊರು ದಾಟಿದ ಮೇಲೆ ಅವಳು ನನ್ನ ಕಡೆ ತಿರುಗಿ ಬಹಳ ಮರ್ಯಾದೆಯಿಂದ ಮಾತು ತೆಗೆದಳು.

“ಬಾಯೇರ, ನೀವು ದಿನಾ ಇದೇ ಬಸ್ಸಿಗಿ ಬರ್ತೀರೇನ್ರಿ?”

ಹೌದ್ರಿ ಅಂದೆ.

“ನನ್ನ ಮಗಳೂ ಕಮಲಾಪುರದಾಗೇ ನೌಕರಿ ಮಾಡ್ತಾಳ. ಭಾಳ ದಣದಾಳ್ರಿ ಅಕಿ. ರಾತ್ರಿ ನಿದ್ದಿಲ್ಲ ಅಕಿಗಿ. ಮನ್ಯಾಗ ಯಾರೋ ಒಬ್ಬಾಕಿ ಮುದುಕಿ ಅದಾಳಂತ, ಅಕೀನ್ನ ಕಾಯ್ತಾಳಂತ. ನಿಮಗ ಕಂಡ್ರ ಹೇಳ್ರಿ, ಸ್ವಲ್ಪ ಮಲಗು ಅಂತ ನಿಮ್ಮವ್ವ ಹೇಳ್ಯಾಳಂತ.”

“ಹೇಳ್ತೇನ್ರಿ,” ಅಂದೆ.

ಅವಳು ನನ್ನ ಮುಖ ನೋಡಿದಳು. ನೀವೂ ದಣಿದಂಗ ಕಾಣ್ತೀರಿ, ಮಲಗ್ರಿ, ಊರು ಬಂದ್ರ ನಾ ಎಬ್ಬಸ್ತೀನಿ ಅಂದಳು. ಅವಳ ಹೆಗಲಿಗೆ ತಲೆ ಇಟ್ಟೆ. ಕಮಲಾಪುರ ಬಂದದ್ದು ನನಗೆ ಗೊತ್ತಾಗಲಿಲ್ಲ. ಕಂಡಕ್ಟರ್ ಬಂದು, ಮೇಡಂ, ನಿಮ್ಮ ಸ್ಟಾಪ್ ಬಂತು ಅಂತ ಎಬ್ಬಿಸಿದ. ಕಣ್ಣು ಬಿಟ್ಟಾಗ ಅವ್ವ ಕಿಟಕಿಯ ಹೊರಗೆ ನೋಡುತ್ತಾ ಹಾಗೆಯೇ ಕೂತಿದ್ದಳು, ನಾನು ತಲೆ ಇಟ್ಟ ಹೆಗಲನ್ನು ಅಲುಗಿಸದೆ.